ಹೇಳಿದ್ದೆನಲ್ಲ ಎನ್ನುವ ಮೊದಲು

“ಹೇಳಿದ್ದೆನಲ್ಲ!” ಎಂಬ ಮಾತನ್ನು ನಾವು ಕೇಳದ ದಿನವಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ, ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ, ಎಲ್ಲಿಯಾದರೂ ಕೆಲಸವೊಂದು ಕೆಟ್ಟಾಗ ಮೊದಲು ಹೊರಡುವ ಮಾತು ಇದೇ. ಹೇಳಿದವನು ಈ ಒಂದು ಪದದಿಂದ ತನ್ನ ಹೊಣೆಯನ್ನು ಕಳಚಿ ಕೇಳಿದವನ ಹೆಗಲಿಗೆ ಏರಿಸಿಬಿಡುತ್ತಾನೆ. ಹೇಳಿದ್ದು ನಿಜವೇ ಇರಬಹುದು. ಆದರೆ ಹೇಳಿದ್ದು ತಲುಪಿತೇ, ತಲುಪಿದ್ದು ಹೇಳಿದ ಅರ್ಥದಲ್ಲಿಯೇ ತಲುಪಿತೇ ಎಂದು ವಿಚಾರಿಸುವವರು ಕಡಿಮೆ.

ಈ ಬಾರಿಯ ಬರಹ ಅದರ ಕುರಿತಾಗಿದೆ. ಉದಾಹರಣೆಯನ್ನು ಮಾತ್ರ ನನ್ನ ವಯಸ್ಸಿನವರು ಸಾಮಾನ್ಯವಾಗಿ ಕೈಹಾಕದ ಕ್ಷೇತ್ರದಿಂದ ತೆಗೆದುಕೊಳ್ಳುತ್ತಿದ್ದೇನೆ. ಎಲೆಕ್ಟ್ರಾನಿಕ್ಸ್ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ಪರಿಚಿತ ವಿಷಯ. ಉಳಿದವರೂ ಬಂಧುಗಳೂ ತುಸು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ. ವಿಜ್ಞಾನದ ಮೇಷ್ಟರಿಗೆ ನಿವೃತ್ತಿಯಾದರೂ ವಿವರಿಸುವ ಚಾಳಿಗೆ ನಿವೃತ್ತಿಯಿಲ್ಲವೆಂಬುದು ನಿಮಗೆ ಗೊತ್ತೇ ಇದೆ.

ಮೈಕ್ರೋಕಂಟ್ರೋಲರ್ ಎಂಬುದು ಉಗುರಿನಷ್ಟು ಗಾತ್ರದ ಒಂದು ಚಿಪ್. ಬಟ್ಟೆ ಒಗೆಯುವ ಯಂತ್ರ, ಆಟೋರಿಕ್ಷಾದ ಮೀಟರು, ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ, ತೋಟದ ಪಂಪ್‌ಸೆಟ್ಟನ್ನು ತಾನಾಗಿ ನಡೆಸಿ ನಿಲ್ಲಿಸುವ ಸ್ಟಾರ್ಟರ್ ಪೆಟ್ಟಿಗೆ, ಇವೆಲ್ಲದರೊಳಗೂ ಅದು ಕುಳಿತಿರುತ್ತದೆ. ತಯಾರಾಗಿ ಬಂದಾಗ ಅದು ಬರೆಯದ ಸ್ಲೇಟಿನಂತೆ ಖಾಲಿ. ಅದರಲ್ಲಿ ಎರಡು ಬಗೆಯ ಸಂಗತಿಗಳನ್ನು ತುಂಬಬೇಕು. ಮೊದಲನೆಯದು ಪ್ರೋಗ್ರಾಮ್, ಅಂದರೆ ಮಾಡಬೇಕಾದ ಕೆಲಸದ ಆದೇಶಮಾಲೆ. ಎರಡನೆಯದು ಕಾನ್ಫಿಗರೇಶನ್ ಬಿಟ್‌ಗಳು. ಎವಿಆರ್ ಜಾತಿಯ ಚಿಪ್‌ಗಳಲ್ಲಿ ಇವುಗಳನ್ನೇ ಫ್ಯೂಸ್ ಎನ್ನುತ್ತಾರೆ. ಹೆಸರು ಕೇಳಿ ಮನೆಯ ಫ್ಯೂಸಿನ ಹಾಗೆ ಸುಟ್ಟುಹೋಗುವ ತಂತಿಯೆಂದು ಭಾವಿಸಬಾರದು. ಮತ್ತೆ ಬರೆಯಬಹುದಾದ ಕೆಲವು ಸೊನ್ನೆಗಳು ಮತ್ತು ಒಂದುಗಳು, ಅಷ್ಟೇ.

ಆದರೆ ಆ ಕೆಲವೇ ಸೊನ್ನೆ ಒಂದುಗಳು ಚಿಪ್ಪಿನ ಸ್ವಭಾವವನ್ನೇ ನಿರ್ಧರಿಸುತ್ತವೆ. ಗಡಿಯಾರದ ಮಿಡಿತವನ್ನು ತನ್ನೊಳಗಿನಿಂದ ಪಡೆಯಬೇಕೋ, ಹೊರಗಿನ ಕ್ರಿಸ್ಟಲ್ಲಿನಿಂದ ಪಡೆಯಬೇಕೋ. ಪ್ರೋಗ್ರಾಮ್ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಎಚ್ಚರಿಸಿ ಮೊದಲಿನಿಂದ ಆರಂಭಿಸುವ ವಾಚ್‌ಡಾಗ್ ಎಂಬ ಕಾವಲುಗಾರ ಸದಾ ಇರಬೇಕೋ ಬೇಡವೋ. ವೋಲ್ಟೇಜು ಎಷ್ಟಕ್ಕೆ ಇಳಿದರೆ ಕೆಲಸ ನಿಲ್ಲಿಸಬೇಕು. ಒಳಗಿನ ಬರಹವನ್ನು ಬೇರೆಯವರು ಓದದಂತೆ ಬೀಗ ಹಾಕಬೇಕೇ, ಇಂಥವು. ಪ್ರೋಗ್ರಾಮಿನ ಮೊದಲ ಆದೇಶ ಓಡುವ ಮುಂಚೆಯೇ ಇವು ಜಾರಿಯಲ್ಲಿರುತ್ತವೆ. ಮೇಷ್ಟರು ಪಾಠವನ್ನು ಎಷ್ಟು ಚೆನ್ನಾಗಿ ಸಿದ್ಧಪಡಿಸಿಕೊಂಡು ಬಂದರೂ ಶಾಲೆಯ ಬಾಗಿಲು ತೆರೆಯದೆ, ಗಂಟೆ ಹೊಡೆಯದೆ ಹೋದರೆ ತರಗತಿ ನಡೆದೀತೇ? ಹಾಗೆಯೇ ಇದು.

ಒಂದು ಲೆಕ್ಕ ಹೇಳುತ್ತೇನೆ. ಎಟಿಮೆಗಾ 328ಪಿ ಎಂಬ ಚಿಪ್ ಬಹಳ ಜನಪ್ರಿಯವಾದದ್ದು. ಮಕ್ಕಳು ವಿಜ್ಞಾನ ಪ್ರದರ್ಶನಗಳಿಗೆ ತರುವ ಆರ್ಡುಯಿನೊ ಊನೊ ಬೋರ್ಡಿನಲ್ಲಿರುವುದು ಇದೇ. ಹೊಸದಾಗಿ ಬಂದಾಗ ಅದು ತನ್ನೊಳಗಿನ 8 ಮೆಗಾಹರ್ಟ್ಸ್ ಮಿಡಿತವನ್ನು ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುವಂತೆ ಫ್ಯೂಸ್‌ಗಳಿರುತ್ತವೆ. ಬೋರ್ಡಿನಲ್ಲಿ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಕೂಡಿಸಿ, ಅದಕ್ಕೆ ತಕ್ಕ ಪ್ರೋಗ್ರಾಮ್ ತುಂಬಿ, ಫ್ಯೂಸ್‌ಗಳನ್ನು ಮಾತ್ರ ಹಾಗೆಯೇ ಬಿಟ್ಟರೆ ಒಂದು ಸೆಕೆಂಡಿನಲ್ಲಿ ಮುಗಿಯಬೇಕಾದ ಎಣಿಕೆಗೆ ಹದಿನಾರು ಸೆಕೆಂಡು ಹಿಡಿಯುತ್ತದೆ. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಏನೂ ಹೇಳದೆ ಬಿಡುವುದೂ ಒಂದು ಆದೇಶವೇ ಎಂಬುದನ್ನು ಇದರಿಂದ ಕಲಿಯಬೇಕು.

ಹತ್ತಿಪ್ಪತ್ತು ಚಿಪ್‌ಗಳಾದರೆ ತಯಾರಕನೇ ತನ್ನ ಮೇಜಿನ ಮೇಲೆ ತುಂಬಿಕೊಳ್ಳುತ್ತಾನೆ. ನೂರಾರು, ಸಾವಿರಾರು ಆದಾಗ ಹೊರಗಿನವರಿಗೆ ಒಪ್ಪಿಸುವುದು ರೂಢಿ. ಇದಕ್ಕೆಂದೇ ಸಂಸ್ಥೆಗಳಿವೆ, ದೊಡ್ಡ ವಿತರಕರು ಮಾಡಿಕೊಡುತ್ತಾರೆ, ಮೈಕ್ರೋಚಿಪ್‌ನಂತಹ ಚಿಪ್ ತಯಾರಕರೂ ಪ್ರೋಗ್ರಾಮ್ ತುಂಬಿಯೇ ಮಾರುವ ವ್ಯವಸ್ಥೆ ಇಟ್ಟಿದ್ದಾರೆ. ನೀವು ಫೈಲ್ ಕಳುಹಿಸಬೇಕು. ಅವರು ಯಂತ್ರದಲ್ಲಿಟ್ಟು ತುಂಬಿ, ಪರಿಶೀಲಿಸಿ, ಮರಳಿಸುತ್ತಾರೆ. ಇದರಲ್ಲಿ ಅವಮಾನವೂ ಇಲ್ಲ, ಸೋಮಾರಿತನವೂ ಇಲ್ಲ. ಹಿಟ್ಟು ಬೀಸಲು ಗಿರಣಿಗೆ ಕೊಡುವುದಿಲ್ಲವೇ? ಆದರೆ ಗಿರಣಿಗೆ ಕೊಡುವಾಗಲೂ ನುಣ್ಣಗೆ ಬೇಕೋ, ರವೆಯಂತೆ ಬೇಕೋ ಹೇಳಬೇಕು. ತೊಡಕಿರುವುದು ಅಲ್ಲಿಯೇ.

ಬೆಂಗಳೂರಿನ ಪೀಣ್ಯದಲ್ಲಿ ಚಿಕ್ಕ ಘಟಕವೊಂದನ್ನು ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2023ರ ಬೇಸಿಗೆಗೆ ಮೊದಲು ನಾನೂರು ಪಂಪ್ ನಿಯಂತ್ರಕಗಳ ಕೆಲಸ ಹಿಡಿದಿದ್ದ. ಹೆಸರು ಬೇಡ, ಅವನೂ ಈ ಪುಟವನ್ನು ಓದುತ್ತಾನೆ, ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾನೆ. ಚಿಪ್‌ಗಳನ್ನು ಹೊರಗಿನ ಸೇವೆಯೊಂದಕ್ಕೆ ಕೊಟ್ಟು, ಪ್ರೋಗ್ರಾಮಿನ ಫೈಲನ್ನು ಮಿಂಚಂಚೆಯಲ್ಲಿ ಕಳುಹಿಸಿದ. ಫ್ಯೂಸ್‌ಗಳ ವಿಷಯವನ್ನು ಅದೇ ಮಿಂಚಂಚೆಯ ಕೆಳಗೆ ಸಾಲಾಗಿ ಬರೆದ: ರಿಸೆಟ್ ಡಿಸೇಬಲ್ 1, ಡಿಬಗ್ 1, ಎಸ್‌ಪಿಐ 0, ವಾಚ್‌ಡಾಗ್ 1, ಹೀಗೆ. ಅವನ ದೃಷ್ಟಿಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ.

ಆ ಸೇವೆಯಲ್ಲಿ ಯಂತ್ರದ ಮುಂದೆ ಕುಳಿತಿದ್ದವಳು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ ಹುಡುಗಿ. ಅವಳ ಗಣಕದ ಪರದೆಯ ಮೇಲೆ ಸೊನ್ನೆ ಒಂದುಗಳಿರಲಿಲ್ಲ. ಪ್ರತಿ ಹೆಸರಿನ ಮುಂದೆ ಟಿಕ್ ಹಾಕುವ ಪುಟ್ಟ ಚೌಕವಿತ್ತು. 1 ಎಂದಿದ್ದಲ್ಲಿ ಟಿಕ್ ಹಾಕಿದಳು; 0 ಎಂದಿದ್ದಲ್ಲಿ ತೆಗೆದಳು. ನೀವಾಗಿದ್ದರೂ ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆವು. ಆದರೆ ಎವಿಆರ್ ಚಿಪ್‌ಗಳಲ್ಲಿ ರೂಢಿ ತಿರುವುಮುರುವು. ಅಲ್ಲಿ ಫ್ಯೂಸನ್ನು ‘ಪ್ರೋಗ್ರಾಮ್ ಮಾಡಿದೆ’ ಎಂದರೆ ಅದರ ಬೆಲೆ 0. ‘ಮಾಡಿಲ್ಲ’ ಎಂದರೆ 1. ಟಿಕ್ ಎಂದರೆ ಸೊನ್ನೆ! ಹೀಗಾಗಿ 1101 1001 ಎಂದು ಹೋಗಬೇಕಾದ ಬೈಟು ಅಕ್ಷರಶಃ ಮಗುಚಿಕೊಂಡು 0010 0110 ಆಗಿ ನಾನೂರು ಚಿಪ್‌ಗಳಿಗೂ ಹೋಯಿತು.

ಪರಿಣಾಮವನ್ನು ಊಹಿಸಿ. ಬೇಡವಾಗಿದ್ದ ವಾಚ್‌ಡಾಗ್ ಶಾಶ್ವತವಾಗಿ ಎಚ್ಚರಗೊಂಡಿತು. ಅದನ್ನು ಸಮಾಧಾನಪಡಿಸುವ ಆದೇಶ ಪ್ರೋಗ್ರಾಮಿನಲ್ಲಿ ಇಲ್ಲದ್ದರಿಂದ ಸುಮಾರು 16 ಮಿಲಿಸೆಕೆಂಡಿನಲ್ಲಿಯೇ ಚಿಪ್ಪನ್ನು ಕುತ್ತಿಗೆ ಹಿಡಿದು ಮತ್ತೆ ಮೊದಲಿಗೆ ನಿಲ್ಲಿಸತೊಡಗಿತು. ರಿಸೆಟ್ ಕಾಲು ತನ್ನ ಕೆಲಸವನ್ನೇ ಕಳೆದುಕೊಂಡಿತು. ಹಾಗಾದ ಮೇಲೆ ಬೋರ್ಡಿನಲ್ಲಿಟ್ಟೇ ಸಾಧಾರಣ ಪ್ರೋಗ್ರಾಮರ್‌ನಿಂದ ತಿದ್ದುವ ದಾರಿ ಮುಚ್ಚಿಹೋಗುತ್ತದೆ. 12 ವೋಲ್ಟ್ ಕೊಟ್ಟು ಹಲವು ಕಾಲುಗಳನ್ನು ಒಟ್ಟಿಗೆ ಹಿಡಿದು ಮಾಡುವ ಬೇರೊಂದು ವಿಧಾನವಿದೆ; ಅದಕ್ಕೆ ಚಿಪ್ಪನ್ನು ಬೆಸುಗೆ ಬಿಡಿಸಿ ಹೊರತೆಗೆಯಬೇಕು. ಇದು ಗೊತ್ತಾಗುವ ಹೊತ್ತಿಗೆ ನಾನೂರೂ ಬೋರ್ಡಿಗೆ ಬೆಸೆದಾಗಿತ್ತು. ಆ ಬೇಸಿಗೆಯ ವ್ಯಾಪಾರ ಅವನ ಕೈತಪ್ಪಿತು.

“ಪರಿಶೀಲನೆ ಮಾಡಿರಲಿಲ್ಲವೇ?” ಎಂದು ಕೇಳಿದೆ. ಮಾಡಿದ್ದರು. ಯಂತ್ರವು ತುಂಬಿದ್ದನ್ನೆಲ್ಲ ಮರಳಿ ಓದಿ, ನಾನೂರೂ ಸರಿಯಿವೆಯೆಂದು ತೀರ್ಪು ಕೊಟ್ಟಿತ್ತು. ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವಿದೆ. ಯಂತ್ರದ ಪರಿಶೀಲನೆಯು ಹೇಳಿದಂತೆ ಬರೆದಿದೆಯೇ ಎಂಬುದನ್ನು ಮಾತ್ರ ತಿಳಿಸುತ್ತದೆ. ಹೇಳಬೇಕಾದದ್ದನ್ನು ಹೇಳಲಾಗಿತ್ತೇ ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? ಕಪ್ಪುಹಲಗೆಯ ಮೇಲೆ ತಪ್ಪಾಗಿ ಬರೆದ ಲೆಕ್ಕವನ್ನು ಹುಡುಗ ಅಂದವಾಗಿ ನಕಲು ಮಾಡಿಕೊಂಡರೆ, ಹಲಗೆಯನ್ನೂ ಪುಸ್ತಕವನ್ನೂ ಹೋಲಿಸಿ ನೋಡಿ ಏನು ಪ್ರಯೋಜನ?

ನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಸಂಗತಿ. ಇವನು, “ಮಿಂಚಂಚೆಯಲ್ಲಿ ಹೇಳಿದ್ದೆನಲ್ಲ ಸಾರ್” ಎಂದ. ಅವರು, “ನೀವು ಕೊಟ್ಟಂತೆಯೇ ಮಾಡಿದ್ದೇವೆ” ಎಂದರು. ಇಬ್ಬರ ನಡುವೆ ಸಿಕ್ಕಿದ್ದು ಆ ಹುಡುಗಿ. ಅವಳ ಒಂದು ತಿಂಗಳ ಸಂಬಳ ಹಿಡಿದು, ಯಂತ್ರದಿಂದ ಎಬ್ಬಿಸಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಹಾಕಿದರೆಂದು ತಿಳಿಯಿತು. ಇದು ಅನ್ಯಾಯವೆಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ನನ್ನ ವಿದ್ಯಾರ್ಥಿಗೂ ಮುಖಾಮುಖಿ ಹೇಳಿದ್ದೇನೆ.

ಏಕೆ ಅನ್ಯಾಯ? ಬೋರ್ಡಿನ ಮೇಲೆ ಕ್ರಿಸ್ಟಲ್ ಇದೆಯೋ ಇಲ್ಲವೋ, ರಿಸೆಟ್ ಕಾಲನ್ನು ಏನಕ್ಕೆ ಬಳಸಿದೆ, ಪ್ರೋಗ್ರಾಮ್ ವಾಚ್‌ಡಾಗನ್ನು ನಿಭಾಯಿಸುತ್ತದೆಯೋ ಇಲ್ಲವೋ, ಇದಾವುದೂ ಯಂತ್ರದ ಮುಂದೆ ಕುಳಿತವಳಿಗೆ ಕಾಣದು. ಅವಳಿಗೆ ಕಾಣುವುದು ಒಂದು ಫೈಲ್, ಒಂದು ಮಿಂಚಂಚೆ, ಕೆಲವು ಚೌಕಗಳು. ತಿಳಿದವನು ತನಗೆ ತಿಳಿದಿರುವುದನ್ನು ತಿಳಿಯದವರ ಊಹೆಗೆ ಬಿಟ್ಟು, ಊಹೆ ತಪ್ಪಿದಾಗ ದಂಡ ಹಾಕುವುದು ಯಾವ ಧರ್ಮ? ಆದೇಶವು ಎರಡು ಅರ್ಥಕ್ಕೆ ಎಡೆಕೊಡುವಂತಿದ್ದರೆ ತಪ್ಪು ಆದೇಶದ್ದೇ ಹೊರತು ಅದನ್ನು ಪಾಲಿಸಿದವರದ್ದಲ್ಲ.

ಈ ಗೊಂದಲ ಎವಿಆರ್ ಒಂದರದೇ ಅಲ್ಲ. ಮೈಕ್ರೋಚಿಪ್ ಸಂಸ್ಥೆಯ ಪಿಐಸಿ 16ಎಫ್877ಎ ಎಂಬ ಚಿಪ್ಪಿನ ಕಾನ್ಫಿಗರೇಶನ್ ಪದದಲ್ಲಿ 14 ಬಿಟ್‌ಗಳಿಗೆ ಸ್ಥಳವಿದೆ. ಅದರಲ್ಲಿ ವಾಚ್‌ಡಾಗಿನ ಬಿಟ್ 1 ಆದರೆ ಅದು ಚಾಲೂ. ಪಕ್ಕದಲ್ಲಿಯೇ ಇರುವ, ವಿದ್ಯುತ್ ಬಂದೊಡನೆ ತುಸು ಕಾಯಿಸುವ ಟೈಮರಿನ ಬಿಟ್ 0 ಆದರೆ ಅದು ಚಾಲೂ. ಒಂದೇ ಮನೆಯಲ್ಲಿ ಒಂದು ಸ್ವಿಚ್ಚು ಕೆಳಗೆ ಒತ್ತಿದರೆ ದೀಪ, ಪಕ್ಕದ್ದು ಮೇಲೆತ್ತಿದರೆ ದೀಪ! ಇನ್ನು ‘ರಿಸೆಟ್ ಡಿಸೇಬಲ್’ನಂತಹ ಹೆಸರುಗಳನ್ನು ನೋಡಿ. ‘ಬೇಡ’ ಎಂಬುದು ಬೇಕೇ, ‘ಬೇಡ’ ಎಂಬುದು ಬೇಡವೇ? ವ್ಯಾಕರಣದಲ್ಲಿ ಎರಡು ನಿಷೇಧಗಳು ಸೇರಿದರೆ ವಿಧಿಯೆಂದು ಪಾಠ ಮಾಡಿದ್ದೇವೆ. ಫೋನಿನಲ್ಲಿ ಅವಸರದಿಂದ ಹೇಳುವಾಗ ಅದು ಯಾರಿಗೆ ನೆನಪಿರುತ್ತದೆ? ‘ಆನ್’, ‘ಆಫ್’, ‘ಎನೇಬಲ್’, ‘ಟಿಕ್’, ‘ಸೆಟ್’ ಎಂಬ ಮಾತುಗಳಿಂದ ಈ ಸಂಗತಿಯನ್ನು ಹೇಳಿ ಕಳುಹಿಸುವುದೇ ಅಪಾಯ ಎಂಬುದು ನನ್ನ ಮೊದಲ ವಾದ.

ಹಾಗಾದರೆ ದಾರಿ ಯಾವುದು? ಆದೇಶವನ್ನು ವಸ್ತುವಿನ ಜೊತೆಗೆ ಕಟ್ಟಿ ಕಳುಹಿಸದೆ ವಸ್ತುವಿನ ಒಳಗೇ ಇಟ್ಟು ಕಳುಹಿಸುವುದು ಉತ್ತಮ. ಪಿಐಸಿ ಚಿಪ್‌ಗಳಲ್ಲಿ ಇದಕ್ಕೆ ಬಹುಕಾಲದಿಂದ ಸೊಗಸಾದ ವ್ಯವಸ್ಥೆಯಿದೆ. ಕಾನ್ಫಿಗರೇಶನ್ ಪದಕ್ಕೂ ಒಂದು ವಿಳಾಸ ಕೊಟ್ಟಿದ್ದಾರೆ. ಮೇಲೆ ಹೇಳಿದ ಚಿಪ್ಪಿನಲ್ಲಿ ಅದು ಹದಿನಾರರ ಎಣಿಕೆಯ 2007. ಪ್ರೋಗ್ರಾಮ್ ಬರೆಯುವವನು ಮೂಲಬರಹದಲ್ಲಿಯೇ ಅದರ ಬೆಲೆಯನ್ನು ನಮೂದಿಸಿದರೆ, ಹೊರಬರುವ ಹೆಕ್ಸ್ ಫೈಲಿನಲ್ಲಿ ಪ್ರೋಗ್ರಾಮಿನ ಜೊತೆಗೆ ಅದೂ ಒಂದು ಸಾಲಾಗಿ ಸೇರಿಕೊಳ್ಳುತ್ತದೆ. ಮೂಲಬರಹದಲ್ಲಿ ಬರೆಯದೆ ತನ್ನ ಗಣಕದ ಕಿಟಕಿಯೊಂದರಲ್ಲಿ ಮಾತ್ರ ಆರಿಸಿಟ್ಟು ಮರೆತರೆ ಆ ಆಯ್ಕೆ ಅವನ ಮೇಜಿನಲ್ಲಿಯೇ ಉಳಿಯುವ ಅಪಾಯವಿದೆ. ಆಗ ಖಾಲಿ ಚಿಪ್ಪಿನಲ್ಲಿ ಬಿಟ್‌ಗಳೆಲ್ಲ 1 ಆಗಿಯೇ ನಿಲ್ಲುತ್ತವೆ: ವಾಚ್‌ಡಾಗ್ ಚಾಲೂ, ಗಡಿಯಾರ ಕ್ರಿಸ್ಟಲ್ಲಿಗೆ ಒಗ್ಗದ ಬಗೆಯದು.

ಹೆಕ್ಸ್ ಫೈಲಿನ ರಚನೆ ಗಣಿತದ ಮೇಷ್ಟರಿಗೆ ಹಬ್ಬ. ಇಂಟೆಲ್ ಸಂಸ್ಥೆ ರೂಪಿಸಿದ ಈ ಕ್ರಮದಲ್ಲಿ ಪ್ರತಿ ಸಾಲೂ ವಿವರಣಾ ಚಿಹ್ನೆಯಿಂದ, ಅಂದರೆ ಎರಡು ಚುಕ್ಕೆಗಳಿಂದ, ಆರಂಭವಾಗುತ್ತದೆ. ಆಮೇಲೆ ಎಷ್ಟು ಬೈಟುಗಳು, ಯಾವ ವಿಳಾಸಕ್ಕೆ, ಯಾವ ಬಗೆಯ ಸಾಲು, ನಂತರ ವಿಷಯ, ಕೊನೆಗೆ ತಾಳೆ ನೋಡುವ ಒಂದು ಸಂಖ್ಯೆ. ಸಾಲಿನ ಎಲ್ಲ ಬೈಟುಗಳನ್ನೂ ಈ ಕೊನೆಯ ಸಂಖ್ಯೆಯನ್ನೂ ಕೂಡಿಸಿದರೆ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಫೈಲ್ ಮುಗಿಯಿತೆಂದು ಸಾರುವ ಸಾಲಿನಲ್ಲಿ 0, 0, 0, 1 ಇರುತ್ತವೆ. ಆದ್ದರಿಂದ ಅದರ ತಾಳೆ ಸಂಖ್ಯೆ 255. ದಾರಿಯಲ್ಲಿ ಒಂದು ಅಂಕಿ ಬದಲಾದರೂ ಲೆಕ್ಕ ತಪ್ಪಿ ಸಿಕ್ಕಿಬೀಳುತ್ತದೆ. ಮಿಂಚಂಚೆಯ ಕೆಳಗೆ ಬರೆದ ವಾಕ್ಯಕ್ಕೆ ಇಂಥ ಕಾವಲು ಎಲ್ಲಿದೆ?

ಎವಿಆರ್‌ನ ಸಾಮಾನ್ಯ ಹೆಕ್ಸ್ ಫೈಲಿನಲ್ಲಿ ಫ್ಯೂಸ್‌ಗಳು ಸೇರುವುದಿಲ್ಲ. ಆದರೆ ಪ್ರೋಗ್ರಾಮ್, ಫ್ಯೂಸ್, ಬೀಗದ ಬಿಟ್, ಎಲ್ಲವನ್ನೂ ಒಂದೇ ಕಡೆ ಹೊರುವ ಎಲ್ಫ್ ಎಂಬ ಉತ್ಪಾದನಾ ಫೈಲನ್ನು ಸಿದ್ಧಪಡಿಸುವ ಸೌಲಭ್ಯ ಇದೆ. ಸೇವೆಯವರ ಯಂತ್ರ ಅದನ್ನು ಓದಬಲ್ಲುದೇ ಎಂದು ಮೊದಲೇ ಕೇಳಿ ತಿಳಿಯಬೇಕು. ಓದದಿದ್ದರೆ, ಬಿಡಿ ಬಿಟ್‌ಗಳ ಹೆಸರು ಹೇಳುತ್ತ ಕೂರದೆ ಇಡೀ ಬೈಟಿನ ಬೆಲೆಯನ್ನೇ ಬರೆದು ಕೊಡಬೇಕು. ಅಲ್ಲಿಯೂ ಒಂದು ಎಚ್ಚರ ಬೇಕು. 328ಪಿಯ ಮೂರನೆಯ ಫ್ಯೂಸ್ ಬೈಟಿನಲ್ಲಿ ಕೆಲಸಕ್ಕೆ ಬರುವುದು ಕೊನೆಯ ಮೂರು ಬಿಟ್ ಮಾತ್ರ. 0000 0101 ಎಂದು ಬರೆದರೂ 1111 1101 ಎಂದು ಬರೆದರೂ ಅರ್ಥ ಒಂದೇ. ಆದರೆ ಹೋಲಿಸಿ ನೋಡುವ ಯಂತ್ರ ಎರಡೂ ಬೇರೆಯೆಂದು ತಕರಾರು ಮಾಡಬಹುದು. ಇಂಥವನ್ನು ಮೊದಲೇ ತಿಳಿಸಿದ್ದರೆ ಆ ಕಡೆಯವರು ಗಾಬರಿಯಾಗುವುದಿಲ್ಲ.

“ಇಷ್ಟೆಲ್ಲ ಏಕೆ? ಸರಿಯಾಗಿ ನಡೆಯುವ ಒಂದು ಚಿಪ್ ಕೊಟ್ಟು ಇದರಂತೆಯೇ ಮಾಡಿ ಎಂದರೆ ಸಾಲದೇ?” ಎಂದು ಕೆಲವರು ಕೇಳುತ್ತಾರೆ. ಕೇಳಲು ಸುಲಭವೆನಿಸುತ್ತದೆ. ಆದರೆ ಬೀಗ ಹಾಕಿದ ಚಿಪ್ಪನ್ನು ಓದಲಾಗದು. ಅಲ್ಲದೆ ಪಿಐಸಿ 12ಎಫ್675ರಂತಹ ಚಿಪ್‌ಗಳಲ್ಲಿ ಒಳಗಡಿಯಾರವನ್ನು ಹದಗೊಳಿಸುವ ಒಂದು ಸಂಖ್ಯೆಯನ್ನು ಕಾರ್ಖಾನೆಯಲ್ಲಿ ಅಳೆದು, ನೆನಪಿನ ಕೊನೆಯ ಮನೆಯಲ್ಲಿ ಬರೆದಿರುತ್ತಾರೆ. ಅದು ಆಯಾ ಚಿಪ್ಪಿನದೇ ಸ್ವಂತ ಸಂಖ್ಯೆ. ಮಾದರಿಯನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ಒಬ್ಬರ ಕನ್ನಡಕವನ್ನು ಊರಿಗೆಲ್ಲ ಹಂಚಿದಂತಾಗುತ್ತದೆ. ಒಳ್ಳೆಯ ಯಂತ್ರಗಳು ಆ ಸಂಖ್ಯೆಯನ್ನು ಮೊದಲು ಓದಿ ಕಾಪಾಡುತ್ತವೆ. ಆದರೂ ಕಾಪಾಡಬೇಕೆಂದು ಬರೆದು ಹೇಳುವುದು ಕಳುಹಿಸುವವನ ಕೆಲಸ.

ಕಳುಹಿಸುವ ಹಾಳೆಯಲ್ಲಿ ಏನಿರಬೇಕೆಂಬುದನ್ನು ಆ ವಿದ್ಯಾರ್ಥಿಯೂ ನಾನೂ ಕುಳಿತು ಒಪ್ಪಿಕೊಂಡಿದ್ದು ಹೀಗೆ:

1. ಚಿಪ್ಪಿನ ಪೂರ್ಣ ಹೆಸರು, ಕೊನೆಯ ಅಕ್ಷರದವರೆಗೆ. ಎಟಿಮೆಗಾ 328 ಬೇರೆ, 328ಪಿ ಬೇರೆ. ಯಂತ್ರ ಗುರುತಿಸುವ ಅವುಗಳ ಸಹಿ ಸಂಖ್ಯೆಗಳೂ ಬೇರೆ.

2. ಫೈಲಿನ ಹೆಸರು, ಆವೃತ್ತಿ, ದಿನಾಂಕ, ತಾಳೆ ಸಂಖ್ಯೆ. ಕಾನ್ಫಿಗರೇಶನ್ ಫೈಲಿನೊಳಗೆ ಇದೆಯೋ ಇಲ್ಲವೋ ಎಂಬ ಸ್ಪಷ್ಟ ಮಾತು.

3. ಒಳಗಿಲ್ಲದಿದ್ದರೆ ಪ್ರತಿ ಬೈಟಿನ ಪೂರ್ಣ ಬೆಲೆ, ಪಕ್ಕದಲ್ಲಿ ಅದರ ಫಲ ಸರಳ ವಾಕ್ಯದಲ್ಲಿ: “ಹೊರಗಿನ 16 ಮೆಗಾಹರ್ಟ್ಸ್ ಕ್ರಿಸ್ಟಲ್ಲಿನಿಂದ ನಡೆಯಬೇಕು, ರಿಸೆಟ್ ಕಾಲು ಕೆಲಸ ಮಾಡುತ್ತಿರಬೇಕು.”

4. ಬರೆಯುವುದು, ಓದಿ ಪರಿಶೀಲಿಸುವುದು, ಕೊನೆಯಲ್ಲಿ ಬೀಗ ಹಾಕುವುದು ಎಂಬ ಅನುಕ್ರಮ. ಬೀಗ ಹಾಕಿದ ಮೇಲೆ ಪರಿಶೀಲಿಸಲು ಏನೂ ಉಳಿಯುವುದಿಲ್ಲ.

5. ಮೊದಲು ಐದು ಚಿಪ್ ಮಾತ್ರ. ಅವು ನಿಜವಾದ ಬೋರ್ಡಿನಲ್ಲಿ ಕೂತು, ನಿಜವಾದ ಪಂಪನ್ನು ನಡೆಸಿ, ಕಳುಹಿಸಿದವನು ಸಹಿ ಹಾಕಿದ ಮೇಲೆಯೇ ಉಳಿದವು.

ಮೂರನೆಯ ಅಂಶವನ್ನು ನಾನು ಶಾಲೆಯಿಂದ ತಂದದ್ದು. ವರ್ಗಾವಣೆ ಪತ್ರದಲ್ಲಿ ಜನ್ಮದಿನಾಂಕವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವ ಪದ್ಧತಿ ನಿಮಗೆಲ್ಲ ನೆನಪಿರಬಹುದು. ಬೇಸರದ ಕೆಲಸವೆಂದು ಎಷ್ಟೋ ಗುಮಾಸ್ತರು ಗೊಣಗುತ್ತಿದ್ದರು. ಆದರೆ 3-4 ಎಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂಬ ಜಗಳ ಮುಂದೆ ಹುಡುಗನ ನೌಕರಿಯವರೆಗೂ ಹೋಗದಂತೆ ತಡೆದದ್ದು ಆ ಬೇಸರದ ಸಾಲೇ. ಚೆಕ್ಕಿನಲ್ಲಿಯೂ ಹಾಗೆಯೇ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತವೆಂದು 1881ರ ಕಾಯಿದೆಯ 18ನೆಯ ಸೆಕ್ಷನ್ ಹೇಳುತ್ತದೆ. ಚಿಪ್ಪಿನ ವಿಷಯದಲ್ಲಿ ಮಾತ್ರ ನಾನು ಅಷ್ಟಕ್ಕೂ ಒಪ್ಪೆ. ಅಲ್ಲಿ ಎರಡೂ ಹೊಂದದಿದ್ದರೆ ಯಾವುದೂ ಗೆಲ್ಲಬಾರದು. ಕೆಲಸ ನಿಲ್ಲಬೇಕು, ಫೋನು ಹೋಗಬೇಕು.

ನಿಲ್ಲಿಸುವ ಅಧಿಕಾರ ಯಾರಿಗೆ? ಯಂತ್ರದ ಮುಂದೆ ಕುಳಿತವರಿಗೆ ಎಂಬುದು ನನ್ನ ಎರಡನೆಯ ವಾದ. ಸೇವೆ ಕೊಡುವವರಿಗೂ ಇಲ್ಲಿ ಹೊಣೆಯಿದೆ. ಆದೇಶದಲ್ಲಿ ಕಾನ್ಫಿಗರೇಶನ್ ವಿಷಯವೇ ಇಲ್ಲದಿದ್ದರೆ ‘ಎಂದಿನಂತೆ ಇರಲಿ’ ಎಂದು ತಾವೇ ತುಂಬಿಕೊಳ್ಳಬಾರದು, ಕೇಳಬೇಕು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೂ “ಇದು ನನಗೆ ಅರ್ಥವಾಗಲಿಲ್ಲ” ಎಂದು ಅಂಜಿಕೆಯಿಲ್ಲದೆ ಹೇಳುವಂತಿರಬೇಕು. ತರಗತಿಯಲ್ಲಿ ಅರ್ಥವಾಗದಿದ್ದುದನ್ನು ಕೇಳಿದ ಮಗುವನ್ನು ಗದರಿದರೆ ಅದು ಮತ್ತೆಂದೂ ಕೇಳುವುದಿಲ್ಲ, ತಲೆಯಾಡಿಸಲು ಕಲಿಯುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ತಲೆಯಾಡಿಸುವವರನ್ನು ತಯಾರಿಸಿಕೊಂಡು, ಆಮೇಲೆ ಅವರ ಸಂಬಳ ಹಿಡಿಯುತ್ತೇವೆ.

ಸಣ್ಣ ಘಟಕಗಳ ಕಷ್ಟ ನನಗೆ ತಿಳಿಯದೆ ಇಲ್ಲ. ಒಬ್ಬನೇ ವಿನ್ಯಾಸ ಮಾಡಬೇಕು, ಒಬ್ಬನೇ ಜಿಎಸ್‌ಟಿ ಕಟ್ಟಬೇಕು, ಒಬ್ಬನೇ ವಸೂಲಿಗೆ ಅಲೆಯಬೇಕು. ಹಾಳೆ ಬರೆಯುತ್ತ ಕೂರಲು ಪುರುಸೊತ್ತೆಲ್ಲಿ ಎಂಬ ಮಾತಿನಲ್ಲಿ ಹುರುಳಿದೆ. ಪರಿಚಯದವರಿಗೆ ಫೋನಿನಲ್ಲಿ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಆಗುತ್ತದೆ ಎಂಬುದೂ ನಿಜವಿರಬಹುದು. ಆದರೆ ಆ ಹತ್ತನೆಯ ಸಲದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ನೋಡಬೇಕು. ಮಾಲೀಕನದು ಒಂದು ಬೇಸಿಗೆ, ರೈತನದು ನೀರು ಕಾಣದ ಒಂದು ಬೆಳೆ, ಕೂಲಿಯವರದು ಮನೆಬಾಡಿಗೆ. ಅರ್ಧ ಗಂಟೆ ಕುಳಿತು ಬರೆದ ಹಾಳೆ ಇವೆಲ್ಲಕ್ಕಿಂತ ಅಗ್ಗ. ಒಮ್ಮೆ ಬರೆದರೆ ಮುಂದಿನ ಆದೇಶಗಳಿಗೂ ಅದೇ ಬರುತ್ತದೆ.

ಈಗ ಆ ಘಟಕದಿಂದ ಹೋಗುವ ಪ್ರತಿ ಕೆಲಸಕ್ಕೂ ಇಂಥ ಹಾಳೆ ಇದೆ. ಆ ಹುಡುಗಿಯ ಸಂಬಳದ ವಿಷಯವನ್ನೂ ನನ್ನ ವಿದ್ಯಾರ್ಥಿ ಸೇವೆಯವರೊಡನೆ ಮಾತನಾಡಿ, ಆದೇಶದ ಅಸ್ಪಷ್ಟತೆ ತನ್ನದೆಂದು ಬರೆದುಕೊಟ್ಟು, ಹಿಡಿದ ಹಣವನ್ನು ತಾನೇ ತುಂಬಿಕೊಟ್ಟ. ನಷ್ಟದಲ್ಲಿದ್ದಾಗ ಹಾಗೆ ಮಾಡಿದ್ದು ಸಣ್ಣ ವಿಷಯವಲ್ಲ. ಅವನಿಗೆ ಗಣಿತದಲ್ಲಿ ನಾನು ಕೊಟ್ಟ ಅಂಕಗಳಿಗಿಂತ ಇದು ನನಗೆ ಹೆಚ್ಚು ಸಂತೋಷ ಕೊಟ್ಟಿದೆ. ಆದರೆ ಅವಳನ್ನು ಮತ್ತೆ ಯಂತ್ರದ ಮುಂದೆ ಕೂರಿಸಿಲ್ಲ. ಕೈಬರಹವನ್ನೂ ಯಂತ್ರವನ್ನೂ ಹೋಲಿಸಿ ನೋಡುವುದು ಹೇಗೆಂದು ಎಲ್ಲರಿಗಿಂತ ಚೆನ್ನಾಗಿ ಕಲಿತವಳನ್ನೇ ಅಲ್ಲಿಂದ ಎಬ್ಬಿಸಿದ್ದಾರೆ.

ನಿಮ್ಮಲ್ಲಿ ಅನೇಕರು ಈಗ ಇನ್ನೊಬ್ಬರಿಗೆ ಕೆಲಸ ಹೇಳುವ ಸ್ಥಾನದಲ್ಲಿದ್ದೀರಿ. ಚಿಪ್ ಇರಲಿ, ಔಷಧದ ಚೀಟಿ ಇರಲಿ, ಮನೆ ಕಟ್ಟುವ ಮೇಸ್ತ್ರಿಗೆ ಕೊಡುವ ಅಳತೆ ಇರಲಿ, ಕಳುಹಿಸುವ ಮುನ್ನ ಆ ಹಾಳೆಯನ್ನು ನಿಮ್ಮ ಕೆಲಸದ ಗಂಧಗಾಳಿಯಿಲ್ಲದ ಒಬ್ಬರ ಕೈಗೆ ಕೊಟ್ಟು, “ಇದರಿಂದ ನಿಮಗೇನು ತಿಳಿಯಿತು, ಹೇಳಿ” ಎಂದು ಕೇಳಿರಿ. ಅವರು ಹೇಳುವುದನ್ನು ಮಧ್ಯೆ ಬಾಯಿಹಾಕದೆ ಕೇಳಿಸಿಕೊಳ್ಳಿರಿ. ನಿಮ್ಮ ಅನುಭವಗಳಿದ್ದರೆ ನನಗೂ ಬರೆಯಿರಿ.

ಎಲ್ಲರಿಗೂ ಶುಭವಾಗಲಿ.